ಅಜ್ಜಮಲೆಯ ಸರ್ವೆ ಕಲ್ಲು

ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಮಲಯಾಳ ಸೀಮೆಯ ಈ ಮುತ್ತಂಗದ ಕಡೆ ಕೆಲಸ ಬಿದ್ದರೆ, ಕನ್ನಡ ಬಲ್ಲ ಹಳೇ ಸರ್ವೆಯರ್ ಒಬ್ಬ ಕೇಣಿಚಿರದಲ್ಲಿ ಇನ್ನೂ ಇದ್ದಾನೆ, ಕೇಳಿ ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಬಂದವರು ಚಹಾ ಕುಡಿಯುತ್ತಾ, "ಸಾರ್, ಈ ಯಂತ್ರಗಳೇ ಇಲ್ಲದೆ ಆಗ ಹೇಗೆ ಅಳೀತಿದ್ರಿ?" ಎನ್ನುತ್ತಾರೆ. ನನಗೂ ಇಷ್ಟವಾದ ಪ್ರಶ್ನೆ ಅದು. ಜಿಗಣೆ, ಬಿಸಿಲು, ಸರಪಳಿ ಎಂದು ಹೇಳುತ್ತಾ ಹೋದರೆ ಸಂಜೆ ಕಳೆಯುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಬರೆಯಲು ಕೂತರೆ ಮಾತ್ರ ಅಜ್ಜಮಲೆ ಬಂದು ಎದುರಿಗೆ ನಿಲ್ಲುತ್ತದೆ. ಅದನ್ನು ನೆನೆದಾಗಲೆಲ್ಲ ಈ ವಯಸ್ಸಿನಲ್ಲೂ ನನ್ನ ಮುಖ ಬಿಸಿಯಾಗುತ್ತದೆ. ಆದ್ದರಿಂದ ಮೊದಲು ಸರಪಳಿಯ ಕಥೆ ಹೇಳಿ ಸ್ವಲ್ಪ ಧೈರ್ಯ ತಂದುಕೊಳ್ಳುತ್ತೇನೆ.

ನಾನು ಕೆಲಸ ಕಲಿತದ್ದು ಕಬ್ಬಿಣದ ಸರಪಳಿಯಲ್ಲಿ. ಎಳೆಯುವವರು ಇಬ್ಬರು, ಬರೆಯುವವನು ನಾನು. ಸರಪಳಿಗೆ ಒಂದು ಕೆಟ್ಟ ಗುಣ. ಗದ್ದೆಯ ಕೆಸರು ಅದರ ಕೊಂಡಿಗಳಲ್ಲಿ ಕಟ್ಟಿಕೊಂಡರೆ ಉದ್ದ ಕಡಿಮೆಯಾಗುತ್ತದೆ, ಆಗ ಅಳೆದ ಗದ್ದೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವೆಳ್ಳಮುಂಡದಲ್ಲಿ ಅಣ್ಣತಮ್ಮಂದಿರ ಪಾಲು ಮಾಡಿಕೊಡಲು ಹೋಗಿ, ಅಣ್ಣನ ಪಾಲನ್ನು ಒಣಗಿದ ಸರಪಳಿಯಲ್ಲೂ ತಮ್ಮನ ಪಾಲನ್ನು ಕೆಸರಿನ ಸರಪಳಿಯಲ್ಲೂ ಅಳೆದುಬಿಟ್ಟೆ. ಲೆಕ್ಕದಲ್ಲಿ ತಮ್ಮನ ಪಾಲು ಹೆಚ್ಚಾಗಿ ಕಂಡಿತು. ಅಣ್ಣ ಗುದ್ದಲಿ ಎತ್ತಿದ. ನಮ್ಮ ಹೆಡ್ ಸರ್ವೆಯರ್ ಬಂದು, ನೋಡಿ, ಒಂದು ಮಾತೂ ಬೈಯದೆ, ಇಡೀ ಊರಿನ ಮುಂದೆ ತೋಡಿಗೆ ಇಳಿದು ಸರಪಳಿಯ ಒಂದೊಂದೇ ಕೊಂಡಿ ತಿಕ್ಕಿ ತೊಳೆಯುವಂತೆ ನನಗೆ ಹೇಳಿದರು. ಅಣ್ಣತಮ್ಮಂದಿರು ದಂಡೆಯ ಮೇಲೆ ಪಕ್ಕಪಕ್ಕದಲ್ಲಿ ಕೂತು, ಇನ್ನೂ ಅಲ್ಲಿ ಕೊಳೆ ಇದೆ, ಇಲ್ಲಿ ಇದೆ ಎಂದು ತೋರಿಸುತ್ತಾ ರಾಜಿಯಾದರು. ಆ ನಾಚಿಕೆ ನನಗೆ ಒಳ್ಳೆಯದನ್ನೇ ಮಾಡಿತು. ಅಂಥ ನಾಚಿಕೆಯನ್ನು ತೊಳೆದುಕೊಳ್ಳಲು ತೋಡಿನ ನೀರು ಸಾಕು.

ಆಮೇಲೆ ಕೋನ ಅಳೆಯುವ ಥಿಯೋಡೊಲೈಟ್ ಬಂತು. ಅದನ್ನು ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊರುತ್ತಿದ್ದೆವು. ಮಳೆ ಬಂದರೆ ನಮ್ಮ ಕೊಡೆ ಅದಕ್ಕೆ, ನೆನೆಯುವುದು ನಾವು. ನೀವೀಗ ಗುಂಡಿ ಒತ್ತಿದರೆ ಯಂತ್ರವೇ ಅಂಕೆ ಹೇಳುತ್ತದೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಯಂತ್ರ ಎಷ್ಟೇ ಬದಲಾದರೂ ಕೊನೆಗೆ ನೆಡುವುದು ಕಲ್ಲನ್ನೇ, ನೋಡಿ. ಆ ಕಲ್ಲಿನ ವಿಷಯವೇ ನಾನು ಹೇಳಬೇಕಾದದ್ದು.

ನಮ್ಮ ಜಿಲ್ಲೆ ಆಗಷ್ಟೇ ಹುಟ್ಟಿತ್ತು. ಕಲ್ಪೆಟ್ಟದಲ್ಲಿ ಬಾಡಿಗೆ ಕಟ್ಟಡಗಳಿಗೆ ಬಣ್ಣ ಬಳಿದು ಬೋರ್ಡು ಹಾಕುತ್ತಿದ್ದರು. ಘಟ್ಟದ ಕೆಳಗಿನಿಂದ ಬಂದ ಅಧಿಕಾರಿಗಳಿಗೆ ಇಲ್ಲಿನ ಚಳಿಯೂ ಗೊತ್ತಿಲ್ಲ, ಜನವೂ ಗೊತ್ತಿಲ್ಲ. ಹೊಸ ಜಿಲ್ಲೆಗೆ ಏನಾದರೂ ದೊಡ್ಡದು ಬರಬೇಕು ಎಂಬ ಆಸೆ ಎಲ್ಲರಿಗೂ ಇತ್ತು. ಆಗ ಬಂದದ್ದು ಆಕಾಶ ನೋಡುವ ಯಂತ್ರದ ಮಾತು. ಮುತ್ತಂಗದ ಕಾಡಿನಂಚಿನಲ್ಲಿ, ಮೈಸೂರು ರಸ್ತೆಯಿಂದ ಒಳಗೆ, ಅಜ್ಜಮಲೆ ಎಂಬ ಬೋಳು ನೆತ್ತಿಯ ಬೆಟ್ಟವಿದೆ. ಅದರ ಮೇಲೆ ಗುಮ್ಮಟ ಕಟ್ಟಿ ದೊಡ್ಡ ದೂರದರ್ಶಕ ಇಡುತ್ತಾರಂತೆ ಎಂದರು. ಸುತ್ತ ಪೇಟೆಯ ದೀಪಗಳಿಲ್ಲದ ಜಾಗ ಬೇಕಂತೆ. ದೀಪವಿಲ್ಲದ್ದಕ್ಕೆ ಒಬ್ಬರು ನಮ್ಮನ್ನು ಮೆಚ್ಚಿದ್ದು ಅದೇ ಮೊದಲು ಎಂದು ಕೇಣಿಚಿರದ ಅಂಗಡಿಗಳಲ್ಲಿ ನಗುತ್ತಿದ್ದರು.

ಅಳೆಯಲು ನನ್ನನ್ನು ಕಳಿಸಿದರು. ಕಾರಣ ನನ್ನ ಕೈಚಳಕವೇನಲ್ಲ, ನನ್ನ ಕನ್ನಡ. ನಮ್ಮ ಹಿರೀಕರು ಗುಂಡ್ಲುಪೇಟೆ ಕಡೆಯಿಂದ ದನ ಹೊಡೆದುಕೊಂಡು ಬಂದು ಇಲ್ಲಿ ಗದ್ದೆ ಮಾಡಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಆಫೀಸಿನಲ್ಲೂ ಮಲಯಾಳ. ಅಜ್ಜಮಲೆಯ ಬುಡದ ಹಾಡಿಯ ಕಾಡುಜನರೂ ಒಂದು ಬಗೆಯ ಕನ್ನಡವನ್ನೇ ಆಡುತ್ತಾರೆ. ಅವರು ನಮ್ಮ ಗದ್ದೆಗಳಿಗೆ ಕೂಲಿಗೆ ಬರುತ್ತಿದ್ದರು. ಚಿಕ್ಕಂದಿನಿಂದ ಕಂಡವರೇ. ಆದರೂ ಅವರ ಮಲೆಯ ತುದಿಗೆ ನಾನು ಮೊದಲ ಸಲ ಹತ್ತಿದ್ದು ಸರ್ವೆ ಪೆಟ್ಟಿಗೆಯ ಜೊತೆಗೇ.

ನೆತ್ತಿಯ ಹತ್ತಿರ, ಹುಲ್ಲಿನಲ್ಲಿ ಅರ್ಧ ಮುಳುಗಿ, ಉದ್ದಕ್ಕೆ ಒಂದು ಕಲ್ಲುಗಳ ಸಾಲಿತ್ತು. ಎಲ್ಲ ಹೊಳೆಯ ನುಣ್ಣನೆ ಕಲ್ಲುಗಳು, ಒಂದರಂತೆ ಇನ್ನೊಂದು. ಹಾಡಿಯ ಹಿರಿಯ ಬೊಳ್ಳ ನನಗೆ ಅದರ ಕ್ರಮ ಹೇಳಿದ. ಅವರಲ್ಲಿ ಯಾರಾದರೂ ತೀರಿಕೊಂಡರೆ, ಮುಂದಿನ ಜೇನು ಕಾಲ ಕಳೆದ ಮೇಲೆ ಮನೆಯ ಹೆಂಗಸು ಹೊಳೆಯಿಂದ ಒಂದು ಕಲ್ಲು ಹೊತ್ತು ಮಲೆ ಹತ್ತುತ್ತಾಳೆ. ಸಾಲಿನ ಕೊನೆಯ ಕಲ್ಲಿನ ಮಗ್ಗುಲಲ್ಲಿ ಅದನ್ನು ಊರಿ, ಪಕ್ಕದವರ ಹೆಸರು ಹಿಡಿದು ಕೂಗಿ, ಇವನನ್ನು ನೋಡಿಕೋ ಎಂದು ಒಪ್ಪಿಸಿ ಬರುತ್ತಾಳೆ. ಹೀಗೆ ಒಬ್ಬರ ಕೈಗೆ ಒಬ್ಬರು. ಕಲ್ಲಿನ ಮೇಲೆ ಗುರುತಿಲ್ಲ, ಬರಹವಿಲ್ಲ. ಯಾರ ಪಕ್ಕ ಯಾರು ಎಂಬುದೇ ಅವರ ಗುರುತು.

"ಕಲ್ಲು ಮಲೆ ಹತ್ತೋಗಂಟ ಆ ಮನೆಯೋರು ತಲೆಗೆ ಎಣ್ಣೆ ಹಚ್ಚಾಂಗಿಲ್ಲ ಅಣ್ಣಾ," ಎಂದ ಬೊಳ್ಳ. "ನನ್ ತಂಗಿ ಮಾಸ್ತಿ ನೋಡು. ಕರ್ಕಟಕದ ಮಳೇಲಿ ಮಗ ಕರಿಯ ಜೇನ್ ಮರದಿಂದ ಬಿದ್ದೋದ. ಕಲ್ಲು ಮೂಲೇಲಿ ಇಟ್ಕೊಂಡು ಕುಂತವ್ಳೆ. ನಿಮ್ ಸರ್ವೆ ಪಣಿ ಯಾವಾಗ ಮುಗೀತದೆ?"

"ಬೇಗ ಮುಗೀತದೆ," ಎಂದೆ. ಸರ್ವೆ ಮುಗಿದರೆ ಬೇಲಿ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಳೆಯಲು ಬಂದವನಿಗೆ ಬೇಲಿಯ ಮಾತೇಕೆ ಎಂದು ಸುಮ್ಮನಾದೆ.

ದೂರದರ್ಶಕ ಇಡಲಿದ್ದ ಸಂಸ್ಥೆಯಿಂದ ಬಂದ ತರುಣ ವಿಜ್ಞಾನಿಯೊಬ್ಬ ನೆತ್ತಿಯಲ್ಲಿ ಗುಡಾರ ಹಾಕಿಕೊಂಡು ಮೋಡದ ಲೆಕ್ಕ ಬರೆಯುತ್ತಿದ್ದ. ಅವನಿಗೆ ಮಲಯಾಳವೂ ಬಾರದು, ಕನ್ನಡವೂ ಬಾರದು. ಹಾಡಿಯವರು ಆ ಸಾಲಿನ ಬಳಿ ಬರಿಗಾಲಲ್ಲಿ ನಡೆಯುವುದನ್ನು ಕಂಡು ತಾನೂ ಬೂಟು ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದ. ಅವರ ಮಾತು ಬಲ್ಲ ನಾನು ಬೂಟಿನಲ್ಲೇ ಓಡಾಡುತ್ತಿದ್ದೆ.

ಬೇಸಿಗೆಯ ಮೀನ ತಿಂಗಳಲ್ಲಿ ಗಡಿ ಗುರುತು ಮಾಡಿ ಮುಗಿಸಿದೆ. ಅಳತೆಯ ಮೂಲಬಿಂದುವಿಗೆ ಒಂದು ಕಲ್ಲು ನೆಡಬೇಕಲ್ಲ, ನಾಲ್ಕು ಮೂಲೆ ಕಡಿದು ಮೇಲೆ ಬಾಣದ ಗುರುತು ಕೆತ್ತಿದ ಕರಿಕಲ್ಲು. ಅದಕ್ಕೆ ಸುತ್ತಲೂ ನೋಟ ಸಿಗುವ ಗಟ್ಟಿ ಜಾಗ ಬೇಕು. ಅಂಥ ಜಾಗ ಇದ್ದದ್ದು ಆ ಸಾಲಿನ ತುದಿಯಲ್ಲೇ. ಅಲ್ಲೇ ನೆಟ್ಟೆ. ಆವತ್ತು ಹಾಡಿಯವರೆಲ್ಲ ಜೇನಿಗೆ ಕಾಡಿಗೆ ಹೋಗಿದ್ದರು. ಯಾರನ್ನು ಕೇಳಬೇಕು ಎಂಬ ಯೋಚನೆಯೇ ಬರಲಿಲ್ಲ. ಸರ್ಕಾರಿ ಕಲ್ಲು ನೆಡಲು ಕೇಳುವ ಪದ್ಧತಿ ಆಗಲೂ ಇರಲಿಲ್ಲ.

ತಕರಾರು ಎದ್ದಿತು. ಹಾಡಿಯವರು ಮಲೆ ಬಿಡುವುದಿಲ್ಲ ಎಂದರು. ಅದರ ಬೆನ್ನಿಗೇ ನಮ್ಮ ಕಡೆಯ ಗದ್ದೆಯವರೂ ಎದ್ದರು. ಅಜ್ಜಮಲೆ ನಮ್ಮ ಕುಲದೇವರ ಮೂಲಸ್ಥಾನ, ಒಪ್ಪಿಗೆ ಕೇಳುವುದಿದ್ದರೆ ನಮ್ಮನ್ನು ಕೇಳಿ, ನಾವು ಕೊಡಲು ತಯಾರು, ಆದರೆ ರಸ್ತೆಯೂ ಕರೆಂಟೂ ನಮ್ಮ ಗದ್ದೆಗಳ ಕಡೆಯಿಂದ ಹೋಗಬೇಕು ಎಂದು. ಮುಂದಾಳು ನಮ್ಮ ಚಿಕ್ಕಪ್ಪ ಪುಟ್ಟಮಾದಪ್ಪ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು. ಊಟಕ್ಕೆ ಕೂತಾಗ ಕೇಳಿದೆ, "ಚಿಕ್ಕಪ್ಪ, ಅಲ್ಲಿ ನಮ್ದೇನಿದೆ?"

"ಏನಿದ್ರೇನ್ಲಾ? ಈಗ ಹೇಳ್ದಿದ್ರೆ ಇನ್ಯಾವಾಗ ಹೇಳೋದು? ಕರೆಂಟು ಬೇಡ್ವಾ ನಿನಗೆ?" ಎಂದರು. ಕರೆಂಟು ಬೇಕಾಗಿತ್ತು. ಅನ್ನ ಕಲಸಿ ಉಂಡೆ.

ಸ್ಥಳದಲ್ಲೇ ವಿಚಾರಣೆ ಎಂದು ಕಲ್ಪೆಟ್ಟದ ಕಚೇರಿಯಿಂದ ನಮ್ಮ ಸಾಹೇಬರು ಬಂದು ಮಲೆ ಹತ್ತಿದರು. ಚುರುಕು ಮನುಷ್ಯ, ಒಳ್ಳೆಯ ಮಾತುಗಾರ, ಯಾರ ಮೇಲೂ ಕೂಗಾಡಿದವರಲ್ಲ. ಮಡಿಸುವ ಕುರ್ಚಿ ಹಾಕಿ ಕೂರಿಸಿದೆವು. ಒಂದು ಕಡೆ ಬಿಳಿ ಮುಂಡುಪಂಚೆಯಲ್ಲಿ ನಮ್ಮವರು, ಇನ್ನೊಂದು ಕಡೆ ಹಾಡಿಯವರು ನೆಲದ ಮೇಲೆ. ಮಾಸ್ತಿ ಬೊಳ್ಳನ ಹಿಂದೆ ಕೂತಿದ್ದಳು. ಎಣ್ಣೆ ಕಾಣದ ಕೂದಲು ಗಾಳಿಗೆ ಮುಖದ ಮೇಲೆಲ್ಲ ಬರುತ್ತಿತ್ತು. ನಡುವೆ ನಿಂತು ಆ ಮಾತನ್ನು ಈ ಕಡೆಗೆ, ಈ ಮಾತನ್ನು ಆ ಕಡೆಗೆ ದಾಟಿಸುವ ಕೆಲಸ ನನ್ನದು.

ಚಿಕ್ಕಪ್ಪ ಮಲಯಾಳದಲ್ಲಿ ಚೆನ್ನಾಗಿ ಮಾತಾಡಿದರು. ಬೆಟ್ಟ ನಮ್ಮದು, ಇವರು ನಮ್ಮ ಕೂಲಿಯವರು, ನಮ್ಮ ದೇವರಿಗೆ ಜೇನು ತಂದಿಡುವುದಷ್ಟೇ ಇವರ ಕೆಲಸ ಎಂದರು. ಬೊಳ್ಳ ನನ್ನ ಮುಖ ನೋಡಿದ. "ನಿಮ್ ಚಿಕ್ಕಪ್ಪ ಏನಂದ್ರು ಅಣ್ಣಾ?"

ಹೇಳಿದೆ. ಒಂದು ಪದವನ್ನೂ ಬಿಡದೆ ಹೇಳಿದೆ. ನನ್ನ ಮನೆಯ ಮಾತು ನನ್ನ ಬಾಯಿಂದಲೇ ಅವನ ಭಾಷೆಯಲ್ಲಿ ಹೊರಗೆ ಬಂದಾಗ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು. ಮೊನ್ನೆ ತಾನೇ ಅವನ ಹಾಡಿಯಲ್ಲಿ ಗೆಣಸು ತಿಂದು ಬಂದಿದ್ದೆ.

ಬೊಳ್ಳ ಕೋಪ ಮಾಡಲಿಲ್ಲ. "ಶರಿ. ಹಂಗಾದ್ರೆ ಅವರ ಹಿರೀಕರ ಕಲ್ಲು ಯಾವ್ದು, ತೋರ್ಸಾಕೇಳು," ಎಂದ.

ಸಾಹೇಬರಿಗೆ ಈ ಪ್ರಶ್ನೆ ಹಿಡಿಸಿತು. ತೋರಿಸಿ ಎಂದು ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪ ಸಾಲಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. ಎಲ್ಲ ಪಾಚಿ ಹಿಡಿದ ಗಿಡ್ಡ ಕಲ್ಲುಗಳು. ಕೊನೆಯಲ್ಲೊಂದು ಮಾತ್ರ ಎತ್ತರವಾಗಿ, ನೆಟ್ಟಗೆ, ಮೈತುಂಬ ಅರಿಶಿನ ಮೆತ್ತಿಕೊಂಡು ನಿಂತಿತ್ತು. ತಲೆಯ ಮೇಲೆ ಕಾಡುಹೂವು, ಬುಡದಲ್ಲಿ ಎಲೆಯ ಮೇಲೆ ಜೇನು. ಚಿಕ್ಕಪ್ಪ ನೇರವಾಗಿ ಅದರ ಮುಂದೆ ಹೋಗಿ ಕೈಮುಗಿದರು. "ಇದೇ. ನಮ್ಮ ಮುತ್ತಜ್ಜ ನೆಟ್ಟದ್ದು," ಎಂದರು.

ಅದು ನನ್ನ ಸರ್ವೆ ಕಲ್ಲು.

ಸಾಹೇಬರು ಎದ್ದು ಹತ್ತಿರ ಹೋಗಿ, ಕಡಿದ ಮೂಲೆಗಳನ್ನು ನೋಡಿ, ತುಟಿಯಲ್ಲೇ ನಗುತ್ತಾ ನನ್ನ ಕಡೆ ತಿರುಗಿದರು. "ಏನು ಸರ್ವೆಯರೇ, ಮುತ್ತಜ್ಜನ ಕಲ್ಲೇನು?"

ಗೊತ್ತಿಲ್ಲ ಎಂದಿದ್ದರೆ ಚಿಕ್ಕಪ್ಪನ ಮಾನ ಉಳಿಯುತ್ತಿತ್ತು. ನಿಜ ಹೇಳಿದರೆ ಬೊಳ್ಳ ಗೆಲ್ಲುತ್ತಾನೆ ಎಂದು ಆ ಕ್ಷಣದಲ್ಲಿ ಅಂದುಕೊಂಡೆ. "ಇಲ್ಲ ಸಾರ್, ನಾನೇ ನೆಟ್ಟದ್ದು. ಸರ್ವೆ ಕಲ್ಲು," ಎಂದೆ.

ಬಂದಿದ್ದ ಗುಮಾಸ್ತರು, ಪೊಲೀಸಿನವರು, ನಮ್ಮವರಲ್ಲೇ ಕೆಲವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಪ್ಪನ ಕೈ ಇನ್ನೂ ಮುಗಿದೇ ಇತ್ತು. ಅವರು ಅದನ್ನು ಕೆಳಗಿಳಿಸಲು ಮರೆತು ನನ್ನನ್ನೇ ನೋಡುತ್ತಿದ್ದರು. ಆ ನೋಟವನ್ನು ನಾನು ತಪ್ಪಿಸಿದೆ.

ನಗದೆ ಇದ್ದವರು ಹಾಡಿಯವರು. ಬೊಳ್ಳ ನಿಧಾನವಾಗಿ ಎದ್ದು ನಿಂತ. "ನೀನ್ ನೆಟ್ಟಿದ್ದಾ ಅಣ್ಣಾ? ಯಾರೂ ಸಾಯ್ದೆ ಕಲ್ಲು ನೆಡ್ತೀರಾ ನೀವು?"

ಸಾಹೇಬರು ಅರಿಶಿನ ಹಚ್ಚಿದವರು ಯಾರು ಎಂದು ಕೇಳಿದರು. "ನಾನೇ," ಎಂದಳು ಮಾಸ್ತಿ. ಅವಳು ಮಾತಾಡಿದ್ದು ಅದೇ ಮೊದಲು. "ಜೇನಿಂದ ಬಂದ್ ನೋಡ್ದ್ರೆ ಯಾರೋ ಬಂದು ನಿಂತವ್ರೆ. ನಮ್ಮೋರಲ್ಲ. ತಂದ್ ಬಿಟ್ಟೋರೂ ಇಲ್ಲ. ಹಸ್ದಿರ್ತಾರೆ ಅಂತ ಇಟ್ಟೆ. ನನ್ ಕರಿಯನೂ ಇವರ ಪಕ್ಕಕ್ಕೇ ತಾನೇ ಬರ್ಬೇಕು."

ಇದನ್ನೂ ನಾನು ಒಂದು ಪದವೂ ಬಿಡದೆ ಮಲಯಾಳಕ್ಕೆ ದಾಟಿಸಿದೆ. ಸಾಹೇಬರು ಕೇಳಿಸಿಕೊಂಡು ತಲೆದೂಗಿದರು. ಪಾಪ ಎಂದರು. ಆಮೇಲೆ ತೀರ್ಮಾನ ಹೇಳಿದರು. ಇವರು ನೆಟ್ಟಗೆ ನಿಂತ ಯಾವ ಕಲ್ಲನ್ನಾದರೂ ಪೂಜಿಸುತ್ತಾರೆ, ಸರ್ಕಾರದ್ದಾದರೂ ಸರಿ. ಹಾಗಿದ್ದ ಮೇಲೆ ಜಾಗ ಯಾವುದಾದರೇನು? ಕೆಳಗೆ ದಾರಿಯ ಪಕ್ಕ ಸಿಮೆಂಟಿನ ಕಟ್ಟೆ ಕಟ್ಟಿಸಿ ಎಲ್ಲ ಕಲ್ಲುಗಳನ್ನೂ ಅಲ್ಲಿ ಚೆಂದವಾಗಿ ಜೋಡಿಸಿಕೊಡೋಣ. ಮುದುಕರಿಗೆ ಬೆಟ್ಟ ಹತ್ತುವ ಕಷ್ಟವೂ ತಪ್ಪುತ್ತದೆ.

"ಸಾರ್, ಆ ಸಾಲಿನ ವಿಷಯ ಬೇರೆ," ಎಂದು ಬಾಯಿ ತೆರೆದೆ. "ಅಳತೆಯಲ್ಲಿ ಏನಾದರೂ ಬೇರೆ ಇದ್ದರೆ ಹೇಳಿ," ಎಂದರು ಅವರು, ಸೌಮ್ಯವಾಗಿಯೇ. ಅಳತೆಯಲ್ಲಿ ಬೇರೆ ಏನೂ ಇರಲಿಲ್ಲ. ತೀರ್ಮಾನವನ್ನು ಬೊಳ್ಳನಿಗೂ ಮಾಸ್ತಿಗೂ ಕನ್ನಡದಲ್ಲಿ ತಿಳಿಸಿದವನು ನಾನೇ. ನನ್ನ ನಿಜ ಯಾರನ್ನೂ ಗೆಲ್ಲಿಸಲಿಲ್ಲ. ಎರಡು ಮನೆಯ ಮಾನ ಒಟ್ಟಿಗೆ ಕಳೆಯಿತು.

ಕಟ್ಟೆಗೆ ನೇರವಾದ ಗೆರೆ ಹಾಕಿಕೊಟ್ಟವನೂ ನಾನೇ, ಹಗ್ಗ ಕಟ್ಟಿ, ಗೂಟ ಹೊಡೆದು. ಕಲ್ಲು ಇಳಿಸಲು ಹೊರಗಿನ ಕೂಲಿಯವರನ್ನು ತಂದಿದ್ದರು. ಅವರು ಮಣ್ಣಿನ ಬುಟ್ಟಿಗಳಲ್ಲಿ ಕಲ್ಲುಗಳನ್ನು ತುಂಬಿ ತಂದು ಸುರಿದರು. ಎಲ್ಲ ಕಲಸಿಹೋಯಿತು. ಈಗ ಹೊಸಬರಿಗೆ ಹೇಳುತ್ತೇನೆ, ಕೇಳಿ. ಸರ್ವೆಯರ್ ಎಂಬವನು ತೆಂಗಿನಮರಕ್ಕೆ ನಂಬರು ಹಾಕುತ್ತಾನೆ, ಬಾವಿಗೆ ಹಾಕುತ್ತಾನೆ, ಮುರಿದ ದನದ ಕೊಟ್ಟಿಗೆಗೂ ಹಾಕುತ್ತಾನೆ. ನನ್ನ ಜೇಬಿನಲ್ಲಿ ಸೀಮೆಸುಣ್ಣದ ಕಡ್ಡಿ ಇತ್ತು. ಯಾರ ಪಕ್ಕ ಯಾರು ಎಂಬುದೇ ಅವರಿಗೆ ಎಲ್ಲ ಎಂದು ಅಲ್ಲಿದ್ದವರ ಪೈಕಿ ಗೊತ್ತಿದ್ದವನು ನಾನೊಬ್ಬನೇ. ಆ ಕಲ್ಲುಗಳಿಗೆ ನಂಬರು ಹಾಕಬೇಕೆಂದು ನನಗೆ ಹೊಳೆಯಲಿಲ್ಲ. ಮೇಲಿನವರು ಹೇಳಿದ್ದನ್ನು ಮಾಡಿದೆ ಎಂದು ಹಲವು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಂಬರು ಹಾಕಬೇಡ ಎಂದು ಮೇಲಿನವರು ಯಾರೂ ಹೇಳಿರಲಿಲ್ಲ.

ಹಾಡಿಯವರು ಬಂದು ಕಟ್ಟೆಯ ಸುತ್ತ ತಿರುಗಿ ತಿರುಗಿ ನೋಡಿದರು. ಕೆಲವನ್ನು ಗುರುತಿಸಿದರು, ಹೆಚ್ಚಿನವು ಗೊತ್ತಾಗಲಿಲ್ಲ. ಒಬ್ಬ ಮುದುಕಿ ಒಂದೊಂದೇ ಕಲ್ಲನ್ನು ಸವರಿ ನೋಡುತ್ತಾ ಹೋಗಿ ಕೊನೆಗೆ ಕೂತು ಅತ್ತಳು. ಮಾಸ್ತಿ ತನ್ನ ಮಗನ ಕಲ್ಲನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದಳು. ಹಾಗೆಯೇ ವಾಪಸು ಒಯ್ದಳು. "ಪಕ್ಕದಾಗೆ ಯಾರವ್ರೆ ಅಂತ ತಿಳೀದೆ ಮಗನ್ನ ಹೆಂಗ್ ಬಿಡ್ಲಿ?" ಎಂದಷ್ಟೇ ಹೇಳಿದಳು.

ಮಳೆಗಾಲ ಬಂತು. ಗುಡಾರದ ತರುಣ ಬರೆದಿಟ್ಟ ಮೋಡದ ಲೆಕ್ಕ ನೋಡಿ, ಈ ಬೆಟ್ಟದ ಮೇಲೆ ಆಕಾಶ ಕಾಣುವುದೇ ಅಪರೂಪ ಎಂದು ಸಂಸ್ಥೆಯವರು ಬೇರೆ ಕಡೆ ಹೊರಟುಹೋದರು. ತಕರಾರು, ವಿಚಾರಣೆ, ಕಟ್ಟೆ ಯಾವುದಕ್ಕೂ ಅದರಲ್ಲಿ ಪಾತ್ರವಿರಲಿಲ್ಲ. ಅಷ್ಟರಲ್ಲಿ ಹಾಕಿದ್ದ ಬೇಲಿಯನ್ನು ಕಿತ್ತರು. ಸರ್ವೆ ಕಲ್ಲನ್ನು ಮಾತ್ರ ಆದೇಶವಿಲ್ಲದೆ ಕೀಳುವಂತಿಲ್ಲ, ಆದೇಶ ಬರಲಿಲ್ಲ. ಚಿಕ್ಕಪ್ಪ ಆಮೇಲೆ ಬದುಕಿದ್ದಷ್ಟು ಕಾಲ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಕೇಣಿಚಿರದಲ್ಲಿ ಯಾರಾದರೂ "ಮುತ್ತಜ್ಜ ಹೇಗಿದ್ದಾರೆ?" ಎಂದು ಕಿಚಾಯಿಸಿದರೆ ಅವರು ಅಂಗಡಿಯಿಂದ ಎದ್ದು ಹೋಗುತ್ತಿದ್ದರು. ಆಸೆಪಟ್ಟು ಸುಳ್ಳು ಹೇಳಿದ್ದು ನಿಜ. ಆದರೆ ನನ್ನನ್ನು ಹೊತ್ತು ಶಾಲೆಗೆ ಬಿಟ್ಟವರು ಅವರೇ.

ಮಳೆ ಕಳೆದು ಮತ್ತೆ ಜೇನು ಕಾಲ ಮುಗಿಯುವಾಗ ಬೊಳ್ಳ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂರಲಿಲ್ಲ. "ಮಾಸ್ತಿ ಮಲೆ ಹತ್ತವ್ಳೆ. ನೀನು ಬರ್ಬೇಕಂತೆ," ಎಂದ. ಏಕೆ ಎಂದು ಕೇಳುವ ಮುಖ ನನಗಿರಲಿಲ್ಲ. ಅವನ ಹಿಂದೆ ಹೊರಟೆ. ಆವತ್ತು ಚಪ್ಪಲಿಯನ್ನು ಬುಡದಲ್ಲೇ ಬಿಟ್ಟೆ.

ನೆತ್ತಿಯಲ್ಲಿ ಸಾಲು ಇದ್ದ ಜಾಗದಲ್ಲಿ ಹುಲ್ಲು ಮುಚ್ಚಿಕೊಂಡ ಗುಳಿಗಳಿದ್ದವು. ತುದಿಯಲ್ಲಿ ನನ್ನ ಕಲ್ಲೊಂದೇ ನಿಂತಿತ್ತು. ಮಾಸ್ತಿ ಅದರ ಹತ್ತಿರ ಮಣ್ಣು ಕೆದಕಿ, ಮಗನ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಮಲೆ ಮ್ಯಾಗೆ ಉಳ್ದಿರೋದು ಇವರೊಬ್ಬರೇ," ಎಂದಳು. "ಇವರ ಕೈಗೇ ಒಪ್ಪಿಸ್ತೀನಿ. ಹೆಸರು ಹೇಳಣ್ಣಾ."

"ಅದಕ್ಕೆ ಹೆಸರಿಲ್ಲ ಮಾಸ್ತಿ. ಅದು ಸರ್ಕಾರದ ಕಲ್ಲು."

"ಸರ್ಕಾರ ಸತ್ತೋಗಿತ್ತಾ?"

ತಮಾಷೆಗೆ ಕೇಳಿದ್ದಲ್ಲ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಎಂದೆ.

"ಹಂಗಾದ್ರೆ ಯಾರಿಗ್ ನೆಟ್ಟೆ? ನೆಟ್ಟೋನು ನೀನು. ಯಾರ್ನಾದ್ರೂ ನೆನೆಸ್ಕೊಂಡೇ ನೆಟ್ಟಿರ್ತೀಯ. ಹೆಸರಿಲ್ದೋರ ಪಕ್ಕ ನನ್ ಮಗನ್ನ ಬಿಡಾಕಿಲ್ಲ."

ಅಪ್ಪನ ಹೆಸರು ಹೇಳಬಹುದಿತ್ತು. ಅಪ್ಪ ನಿಜಕ್ಕೂ ಸತ್ತವರು, ಯಾರಿಗೂ ನಷ್ಟವಿರಲಿಲ್ಲ. ಆದರೆ ಅವರು ಏನೂ ಮಾಡಿದವರಲ್ಲ. ಮಾಸ್ತಿಯ ಮಗನನ್ನು ನೋಡಿಕೊಳ್ಳುವ ಸಾಲ ಅವರ ಮೇಲೆ ಹೊರಿಸಲು ಮನಸ್ಸು ಬರಲಿಲ್ಲ.

"ನಂಜುಂಡ," ಎಂದೆ.

ಹಾಡಿಯವರಿಗೆ ನಾನು ಯಾವಾಗಲೂ ಸರ್ವೆ ಅಣ್ಣ. ನನ್ನ ಹೆಸರು ಮಾಸ್ತಿಗೆ ಗೊತ್ತಿರಲಿಲ್ಲ. ಬೊಳ್ಳನಿಗೆ ಗೊತ್ತಿತ್ತು. ಅವನು ಒಮ್ಮೆ ನನ್ನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ. ಮಾಸ್ತಿ ಮಗನ ಕಲ್ಲನ್ನು ಇಳಿಸಿ, ಮಣ್ಣು ಒತ್ತಿ, ಎದ್ದು ನಿಂತು, ಕಲ್ಲಿನ ಕಡೆ ಮುಖ ಮಾಡಿ ಇಡೀ ಮಲೆಗೆ ಕೇಳುವಂತೆ ಕೂಗಿದಳು. "ನಂಜುಂಡಣ್ಣೋ, ಇವ್ನು ನನ್ ಕರಿಯ. ನೋಡ್ಕೋ!" ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಆಮೇಲೆ ಅವಳು ಬೊಳ್ಳನ ಕೈಯಿಂದ ಎಣ್ಣೆ ತೆಗೆದುಕೊಂಡು, ಅಲ್ಲೇ ಕೂತು, ತಲೆಗೆ ಹಚ್ಚಿಕೊಂಡಳು.

ಆಮೇಲೆ ತೀರಿಕೊಂಡವರ ಕಲ್ಲುಗಳೆಲ್ಲ ಕರಿಯನ ಆಚೆ ಒಂದೊಂದಾಗಿ ಬಂದು ಸೇರಿವೆ. ಬೊಳ್ಳನದೂ ಇದೆ, ಮಾಸ್ತಿಯದೂ ಇದೆ. ಪ್ರತಿ ವರ್ಷ ಮೊದಲ ಜೇನನ್ನು ಸಾಲಿನ ತಲೆಯ ಆ ಸರ್ವೆ ಕಲ್ಲಿಗೆ ಇಡುತ್ತಾರೆ, ನನ್ನ ಹೆಸರು ಕೂಗಿ. ಬತ್ತೇರಿ ಪೇಟೆಯಲ್ಲಿ ಬೊಳ್ಳನ ಮಗ ಸಿಕ್ಕಾಗ, "ಈ ವರ್ಸವೂ ನಿನ್ಗೆ ಇಟ್ಟ್ವು ಅಣ್ಣಾ," ಎನ್ನುತ್ತಾನೆ, ಮನೆಯ ಹಿರಿಯರಿಗೆ ಹೇಳುವ ಹಾಗೆ. ಆಗಲಪ್ಪಾ ಎನ್ನುತ್ತೇನೆ. ಅವನ ಮುಖ ನೋಡಿ ಹೇಳಲು ಇನ್ನೂ ಆಗಿಲ್ಲ.